ಮುಧೋಳ ನಾಯಿ, ಗ್ರೇಹೌಂಡ್‌ಗಳ ದೂರ ಪ್ರಯಾಣ: ಗಡಿ ದಾಟುವಾಗ ಅವುಗಳ ಮೈಗೆ ಏನಾಗುತ್ತದೆ?

ಗೋವಿಂದರಾಜನಗರದ ಒಂದೇ ಬೀದಿಯ ಎರಡು ಮನೆಗಳನ್ನು ಊಹಿಸಿಕೊಳ್ಳಿ. ಮೊದಲ ಮನೆಯವರು ಮುಧೋಳದಿಂದ ಒಂದು ನಾಯಿಮರಿ ತರಿಸಬೇಕು ಎಂದಿದ್ದಾರೆ. ಫೋನಿನಲ್ಲಿ ಮಾತುಕತೆ ಮುಗಿದಿದೆ, ಮುಂಗಡವೂ ಹೋಗಿದೆ. "ರಾತ್ರಿ ಬಸ್ಸಿಗೆ ಹಾಕ್ತೀವಿ ಸರ್, ಬೆಳಗ್ಗೆ ಇಳಿಸ್ಕೊಳ್ಳಿ" ಎಂದು ಆ ಕಡೆಯವರು ಹೇಳಿದ್ದಾರೆ. ಎರಡನೇ ಮನೆಯ ಮಗಳಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿದೆ. ನಾಲ್ಕು ವರ್ಷದಿಂದ ಸಾಕಿದ ನಾಯಿಯನ್ನು ಬಿಟ್ಟು ಹೋಗಲು ಅವಳಿಗೆ ಮನಸ್ಸಿಲ್ಲ. ಮುಂದಿನ ತಿಂಗಳು ಟಿಕೆಟ್ ಮಾಡಿಸಿದರೆ ಜೊತೆಗೇ ಕರೆದುಕೊಂಡು ಹೋಗಬಹುದು ಎಂದುಕೊಂಡಿದ್ದಾಳೆ.

ಎರಡೂ ಮನೆಯವರಿಗೆ ನಾಯಿಯ ಮೇಲೆ ಪ್ರೀತಿ ಇದೆ. ಆದರೂ ಮೊದಲ ಮನೆಗೆ ಬೆಳಗ್ಗೆ ಬರುವುದು ಅರೆಜೀವದ ಮರಿಯಾಗಿರಬಹುದು, ಎರಡನೇ ಮನೆಯ ನಾಯಿಯನ್ನು ವಿಮಾನ ನಿಲ್ದಾಣದಿಂದಲೇ ವಾಪಸ್ ಕಳಿಸಬಹುದು. ಕಾರಣ ಅಲಕ್ಷ್ಯವಲ್ಲ, ತಪ್ಪು ತಿಳಿವಳಿಕೆ. ಗ್ರೇಹೌಂಡ್ ಜಾತಿಯ ನಾಯಿಗಳಿಗೆ ಪ್ರಯಾಣ ಏಕೆ ಬೇರೆ ನಾಯಿಗಳಿಗಿಂತ ಕಷ್ಟ, ಕಾನೂನು ಏನು ಹೇಳುತ್ತದೆ, ಜನ ನಂಬಿರುವ ಮಾತುಗಳಲ್ಲಿ ಯಾವುದು ನಿಜ ಎಂಬುದನ್ನು ಇಲ್ಲಿ ಒಂದೊಂದಾಗಿ ನೋಡೋಣ.

ಮುಧೋಳ ನಾಯಿಗೂ ಗ್ರೇಹೌಂಡ್‌ಗೂ ಏನು ಸಂಬಂಧ?

ನಾಯಿಗಳಲ್ಲಿ ಕೆಲವು ತಳಿಗಳು ವಾಸನೆ ಹಿಡಿದು ಬೇಟೆಯಾಡುತ್ತವೆ, ಕೆಲವು ಕಣ್ಣಿಟ್ಟು ನೋಡಿ ಅಟ್ಟಿಸಿಕೊಂಡು ಹೋಗುತ್ತವೆ. ಎರಡನೇ ಗುಂಪಿಗೆ ಸೈಟ್‌ಹೌಂಡ್ ಎಂದು ಹೆಸರು. ಗ್ರೇಹೌಂಡ್, ಸಲೂಕಿ, ನಮ್ಮ ಮುಧೋಳ, ಉತ್ತರ ಪ್ರದೇಶದ ರಾಂಪುರ, ತಮಿಳುನಾಡಿನ ಚಿಪ್ಪಿಪಾರೈ ಎಲ್ಲವೂ ಈ ಗುಂಪಿನವು. ಉದ್ದ ಮೂತಿ, ಆಳವಾದ ಎದೆಗೂಡು, ಒಳಗೆ ಸೆಳೆದುಕೊಂಡ ಹೊಟ್ಟೆ, ಉದ್ದ ಕಾಲು, ಚರ್ಮಕ್ಕೆ ಅಂಟಿದಂತಿರುವ ಸಣ್ಣ ಕೂದಲು ಇವುಗಳ ಗುರುತು.

ಮುಧೋಳ ನಾಯಿ ಬಾಗಲಕೋಟೆ ಜಿಲ್ಲೆಯ ಮುಧೋಳ ಸೀಮೆಯದು. ಗಡಿಯಾಚೆ ಮಹಾರಾಷ್ಟ್ರದಲ್ಲಿ ಇದನ್ನೇ ಕಾರವಾನ್ ಹೌಂಡ್ ಎನ್ನುತ್ತಾರೆ. ಮುಧೋಳ ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಉಳಿಸಿ ಬೆಳೆಸಿದರು. ಅವರು ಬ್ರಿಟನ್ನಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿಯನ್ನು ಕಾಣಿಕೆ ಕೊಟ್ಟರು, ಅಲ್ಲಿಂದಲೇ 'ಮುಧೋಳ ಹೌಂಡ್' ಎಂಬ ಹೆಸರು ಹಬ್ಬಿತು ಎಂಬುದು ಪ್ರಸಿದ್ಧವಾದ ಕಥೆ. ಭಾರತೀಯ ಅಂಚೆ ಇಲಾಖೆ 2005ರಲ್ಲಿ ದೇಶಿ ನಾಯಿಗಳ ನಾಲ್ಕು ಅಂಚೆಚೀಟಿಗಳನ್ನು ತಂದಾಗ ಅದರಲ್ಲಿ ಮುಧೋಳವೂ ಇತ್ತು. ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಮುಧೋಳದ ಬಳಿ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರ ನಡೆಸುತ್ತಿದೆ. ಅಲ್ಲಿಂದ 2016ರಲ್ಲಿ ಮೀರತ್‌ನ ಸೇನಾ ಕೇಂದ್ರಕ್ಕೆ ತರಬೇತಿಗಾಗಿ ಮರಿಗಳು ಹೋದವು. 2020ರ ಆಗಸ್ಟ್‌ನಲ್ಲಿ ಪ್ರಧಾನಿಯ 'ಮನ್ ಕಿ ಬಾತ್' ಭಾಷಣದಲ್ಲಿ ಈ ತಳಿಯ ಹೆಸರು ಬಂತು.

ಹೆಸರು ಹಬ್ಬಿದಂತೆ ಬೇಡಿಕೆಯೂ ಹಬ್ಬುತ್ತದೆ, ಬೇಡಿಕೆ ಹಬ್ಬಿದಂತೆ ಮರಿಗಳ ಪ್ರಯಾಣವೂ ಹೆಚ್ಚುತ್ತದೆ. ಮುಧೋಳದಿಂದ ಬೆಂಗಳೂರಿಗೆ ಸುಮಾರು 500 ಕಿಲೋಮೀಟರ್. ಅಂದರೆ ಒಂದು ಇಡೀ ರಾತ್ರಿ.

ಈ ನಾಯಿಗಳಿಗೆ ಪ್ರಯಾಣ ಏಕೆ ಹೆಚ್ಚು ಕಷ್ಟ?

ಮೊದಲನೆಯದು, ಮೈಯಲ್ಲಿ ಕೊಬ್ಬು ಕಡಿಮೆ. ಚರ್ಮದ ಕೆಳಗಿನ ಕೊಬ್ಬು ನಾಯಿಗೆ ಕಂಬಳಿ ಇದ್ದಂತೆ. ಗ್ರೇಹೌಂಡ್ ಗುಂಪಿನ ನಾಯಿಗಳಲ್ಲಿ ಆ ಕಂಬಳಿ ತೆಳು, ಕೂದಲೂ ತೆಳು. ಚಳಿಗಾಲದ ರಾತ್ರಿ ಗಾಳಿ ಹೊಡೆಯುವ ಜಾಗದಲ್ಲಿ ಕಟ್ಟಿದರೆ ಮೈಶಾಖ ಬೇಗ ಇಳಿಯುತ್ತದೆ. ಮರಿಗಳಲ್ಲಂತೂ ಶಾಖ ಕಾಯ್ದುಕೊಳ್ಳುವ ಶಕ್ತಿ ಪೂರ್ತಿ ಬಂದಿರುವುದಿಲ್ಲ.

ಎರಡನೆಯದು, ಮಾಂಸಖಂಡ ಹೆಚ್ಚು. ಓಟಕ್ಕೆಂದೇ ಬೆಳೆದ ಈ ಮಾಂಸಖಂಡಗಳು ಕೆಲಸ ಮಾಡಿದಾಗ ಬಹಳ ಶಾಖ ಹುಟ್ಟಿಸುತ್ತವೆ. ನಾಯಿ ಓಡಲೇಬೇಕೆಂದಿಲ್ಲ. ಹೆದರಿ ಬೋನಿನೊಳಗೆ ಗಂಟೆಗಟ್ಟಲೆ ಒದ್ದಾಡಿದರೂ ಸಾಕು. ನಾಯಿಗೆ ನಮ್ಮ ಹಾಗೆ ಮೈಯೆಲ್ಲಾ ಬೆವರುವುದಿಲ್ಲ. ನಾಲಿಗೆ ಹೊರಹಾಕಿ ಏದುಸಿರು ಬಿಡುವಾಗ ನೀರು ಆವಿಯಾಗಿ ಶಾಖ ಹೊರಹೋಗುತ್ತದೆ. ಮುಚ್ಚಿದ ಜಾಗದಲ್ಲಿ ಸುತ್ತಲಿನ ಗಾಳಿಯೇ ತೇವವಾಗಿಬಿಟ್ಟರೆ ಈ ಉಪಾಯ ಕೆಲಸ ಮಾಡುವುದಿಲ್ಲ. ನಾಯಿಯ ಸಹಜ ಮೈಶಾಖ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. ಅದು 41 ದಾಟಿತೆಂದರೆ ಜೀವಕ್ಕೇ ಅಪಾಯ.

ಮೂರನೆಯದು, ಚರ್ಮ ತೆಳು. ಬೋನಿನ ಚೂಪು ತಂತಿ, ಎದ್ದ ಮೊಳೆ ತಾಗಿದರೆ ಬೇರೆ ನಾಯಿಗೆ ಗೀರಾಗುವ ಕಡೆ ಇವಕ್ಕೆ ಚರ್ಮವೇ ಹರಿಯುತ್ತದೆ. ಮೊಣಕೈ, ಸೊಂಟದ ಎಲುಬುಗಳು ಎದ್ದು ಕಾಣುವ ಮೈಯಾದ್ದರಿಂದ ಬರಿಯ ಹಲಗೆಯ ಮೇಲೆ ಬಹಳ ಹೊತ್ತು ಮಲಗಿದರೆ ಹುಣ್ಣಾಗುತ್ತದೆ.

ನಾಲ್ಕನೆಯದು, ಔಷಧ ಮತ್ತು ರಕ್ತ. ಥಯೋಪೆಂಟಾಲ್‌ನಂಥ ಕೆಲವು ಅರಿವಳಿಕೆ ಔಷಧಗಳು ಗ್ರೇಹೌಂಡ್ ಮೈಯಿಂದ ಹೊರಹೋಗಲು ಬೇರೆ ನಾಯಿಗಳಿಗಿಂತ ಬಹಳ ಹೆಚ್ಚು ಸಮಯ ಬೇಕು ಎಂಬುದು ಪಶುವೈದ್ಯರಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಅವುಗಳ ರಕ್ತದಲ್ಲಿ ಕೆಂಪು ಕಣಗಳ ಪ್ರಮಾಣ ಸಹಜವಾಗಿಯೇ ಹೆಚ್ಚು, ಥೈರಾಯ್ಡ್ ಹಾರ್ಮೋನ್ ಸಹಜವಾಗಿಯೇ ಕಡಿಮೆ. ಪ್ರಯಾಣಕ್ಕೆ ಮುಂಚೆ ರಕ್ತ ಪರೀಕ್ಷೆ ಮಾಡಿಸಿದಾಗ ಸಾಮಾನ್ಯ ನಾಯಿಗಳ ಪಟ್ಟಿಯೊಂದಿಗೆ ಹೋಲಿಸಿದರೆ ಇಲ್ಲದ ಕಾಯಿಲೆ ಇದೆ ಎನಿಸಬಹುದು. ಆದ್ದರಿಂದ ತಳಿ ಯಾವುದೆಂದು ವೈದ್ಯರಿಗೆ ಮೊದಲೇ ಹೇಳಬೇಕು.

ಐದು ತಪ್ಪು ತಿಳಿವಳಿಕೆಗಳು

1. "ಬಸ್ಸಿನ ಡಿಕ್ಕಿಯಲ್ಲಿ ಒಂದು ರಾತ್ರಿ ತಾನೆ, ಏನೂ ಆಗುವುದಿಲ್ಲ."

ತಪ್ಪು. ಡಿಕ್ಕಿ ಲಗೇಜಿಗೆ ಮಾಡಿದ ಜಾಗ. ಅಲ್ಲಿ ಗಾಳಿಯ ಓಡಾಟಕ್ಕೆ ವ್ಯವಸ್ಥೆ ಇರುವುದಿಲ್ಲ. ಇಂಜಿನ್ನಿನ ಶಾಖ ತಟ್ಟುತ್ತದೆ, ಹೊಗೆ ಒಳಗೆ ಸೇರಿದರೆ ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಬಸ್ಸು ತಿರುವಿನಲ್ಲಿ ವಾಲಿದಾಗ ಸೂಟ್‌ಕೇಸು ಬೋನಿನ ಮೇಲೆ ಬೀಳಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ನಾಯಿ ಕಷ್ಟದಲ್ಲಿದೆ ಎಂದು ಯಾರಿಗೂ ಕಾಣುವುದಿಲ್ಲ, ಕೇಳುವುದಿಲ್ಲ.

2. "ಮುಧೋಳದ ಬಿಸಿಲಿನಲ್ಲಿ ಹುಟ್ಟಿದ ನಾಯಿಗೆ ಸೆಕೆ ಯಾವ ಲೆಕ್ಕ?"

ಅರ್ಧ ಮಾತ್ರ ನಿಜ. ಒಣ ಹವೆಗೆ ಈ ತಳಿ ಒಗ್ಗಿದೆ. ಆದರೆ ಊರಿನಲ್ಲಿರುವ ನಾಯಿ ಬಿಸಿಲು ಏರಿದಾಗ ಬೇವಿನ ಮರದ ನೆರಳಿಗೆ ಹೋಗುತ್ತದೆ, ತಂಪು ಮಣ್ಣು ಕೆದರಿ ಮಲಗುತ್ತದೆ, ಬಾಯಾರಿದರೆ ನೀರು ಹುಡುಕುತ್ತದೆ. ಬೋನಿನಲ್ಲಿರುವ ನಾಯಿಗೆ ಈ ಮೂರೂ ಇಲ್ಲ. ಹೊರಗೆ 30 ಡಿಗ್ರಿ ಇದ್ದರೂ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಅರ್ಧ ಗಂಟೆಯಲ್ಲಿ 45 ಡಿಗ್ರಿ ದಾಟಬಹುದು. ಕಿಟಕಿಯನ್ನು ಎರಡು ಬೆರಳಷ್ಟು ಇಳಿಸಿದರೆ ಹೆಚ್ಚೇನೂ ವ್ಯತ್ಯಾಸವಾಗುವುದಿಲ್ಲ.

3. "ನಿದ್ದೆ ಮಾತ್ರೆ ಕೊಟ್ಟರೆ ಗೊತ್ತೇ ಆಗದೆ ಊರು ಸೇರುತ್ತದೆ."

ಇದು ಐದರಲ್ಲಿ ಅತ್ಯಂತ ಅಪಾಯದ ನಂಬಿಕೆ. ಮಂಕು ಮಾಡುವ ಔಷಧಗಳು ರಕ್ತದೊತ್ತಡ ಇಳಿಸುತ್ತವೆ, ಮೈಶಾಖ ಹೊಂದಿಸಿಕೊಳ್ಳುವ ಶಕ್ತಿಯನ್ನು ಕುಗ್ಗಿಸುತ್ತವೆ. ವಾಹನ ಅಲುಗಾಡಿದಾಗ ನಾಯಿ ಕಾಲೂರಿ ನಿಲ್ಲಲಾರದು. ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಹೋಗಬಹುದು. ವಿಮಾನ ಪ್ರಯಾಣಕ್ಕೆ ಮುಂಚೆ ಇಂಥ ಔಷಧ ಕೊಡಬೇಡಿ ಎಂದೇ ಪಶುವೈದ್ಯರ ಸಂಘಟನೆಗಳೂ ಅಂತರರಾಷ್ಟ್ರೀಯ ವಿಮಾನ ಸಾರಿಗೆ ಸಂಘಟನೆಯೂ ಹೇಳುತ್ತವೆ. ಔಷಧ ನಿಧಾನವಾಗಿ ಕರಗುವ ಗ್ರೇಹೌಂಡ್ ಗುಂಪಿನ ನಾಯಿಗಳಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಬಹಳ ಹೆದರುವ ನಾಯಿಯಾದರೆ ಪಶುವೈದ್ಯರೊಂದಿಗೆ ವಾರಗಟ್ಟಲೆ ಮುಂಚೆಯೇ ಮಾತಾಡಿ. ಮೆಡಿಕಲ್ ಶಾಪ್‌ನಿಂದ ಮಾತ್ರೆ ತಂದು ನೀವೇ ಕೊಡಬೇಡಿ.

4. "ವಿಮಾನದ ಹೊಟ್ಟೆಯಲ್ಲಿ ಗಾಳಿಯೇ ಇರುವುದಿಲ್ಲ."

ತಪ್ಪು. ಪ್ರಾಣಿಗಳನ್ನು ಒಯ್ಯುವ ಸರಕು ಕೋಣೆಯಲ್ಲಿ ಪ್ರಯಾಣಿಕರ ಕೋಣೆಯಲ್ಲಿರುವಷ್ಟೇ ಗಾಳಿಯ ಒತ್ತಡ ಇರುತ್ತದೆ, ತಾಪಮಾನವನ್ನೂ ಕಾಯ್ದುಕೊಳ್ಳುತ್ತಾರೆ. ಅಪಾಯ ಹೆಚ್ಚಿರುವುದು ನೆಲದ ಮೇಲೆ. ವಿಮಾನಕ್ಕೆ ಏರಿಸುವ ಮೊದಲು ಬಿಸಿ ಕಾಂಕ್ರೀಟಿನ ಮೇಲೆ ಕಾಯುವಾಗ, ನಡುವೆ ಇನ್ನೊಂದು ವಿಮಾನಕ್ಕೆ ಬದಲಿಸುವಾಗ, ತಡವಾದಾಗ. ಆದ್ದರಿಂದಲೇ ವಿಮಾನ ಬದಲಿಸುವ ಅಗತ್ಯವಿಲ್ಲದ, ಬೇಸಿಗೆಯಾದರೆ ರಾತ್ರಿ ಅಥವಾ ನಸುಕಿನಲ್ಲಿ ಹೊರಡುವ ವಿಮಾನವನ್ನು ಆರಿಸಬೇಕು.

5. "ಹೊಟ್ಟೆ ತುಂಬಾ ತಿನ್ನಿಸಿ ಕಳಿಸಿದರೆ ಹಸಿವಾಗುವುದಿಲ್ಲ."

ಹೊರಡುವ ಹೊತ್ತಿಗೆ ಹೊಟ್ಟೆ ತುಂಬಿದ್ದರೆ ವಾಂತಿಯಾಗುವ ಸಾಧ್ಯತೆ ಹೆಚ್ಚು. ಆಳವಾದ ಎದೆಗೂಡಿನ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ತೊಂದರೆ ಬರುವ ಸಾಧ್ಯತೆಯೂ ಹೆಚ್ಚು. ಕೆಲವು ಗಂಟೆ ಮೊದಲು ಹಗುರವಾದ ಊಟ, ಆಮೇಲೆ ಆಗಾಗ ನೀರು, ಇಷ್ಟು ಸರಿ.

ನಮ್ಮ ಕಾನೂನು ಏನು ಹೇಳುತ್ತದೆ?

ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರ 11ನೇ ಕಲಂ ಪ್ರಕಾರ, ಅನಗತ್ಯ ನೋವಾಗುವಂತೆ ಪ್ರಾಣಿಯನ್ನು ಸಾಗಿಸುವುದೇ ಅಪರಾಧ. ಇದರ ಕೈಕೆಳಗೆ ಬಂದ ಪ್ರಾಣಿ ಸಾಗಾಣಿಕೆ ನಿಯಮಗಳು 1978ರಲ್ಲಿ ನಾಯಿ ಮತ್ತು ಬೆಕ್ಕುಗಳಿಗೇ ಒಂದು ಅಧ್ಯಾಯವಿದೆ. ಅದರ ಮುಖ್ಯ ಅಂಶಗಳು ಹೀಗಿವೆ:

• ಪ್ರಯಾಣಕ್ಕೆ ಯೋಗ್ಯವಾಗಿದೆ, ರೇಬೀಸ್ ಸೇರಿ ಯಾವ ಸಾಂಕ್ರಾಮಿಕ ರೋಗದ ಲಕ್ಷಣವೂ ಇಲ್ಲ ಎಂದು ಅರ್ಹ ಪಶುವೈದ್ಯರು ಕೊಟ್ಟ ಪ್ರಮಾಣಪತ್ರ ಇರಬೇಕು.
• ತುಂಬು ಗಬ್ಬದ ನಾಯಿಯನ್ನು ಸಾಗಿಸುವಂತಿಲ್ಲ.
• ಹಾಲು ಬಿಡದ ಮರಿಗಳನ್ನು ತಾಯಿಯಲ್ಲದ ಬೇರೆ ದೊಡ್ಡ ನಾಯಿಯ ಜೊತೆ ಇಡುವಂತಿಲ್ಲ. ಬೆದೆಗೆ ಬಂದ ಹೆಣ್ಣನ್ನು ಗಂಡಿನ ಜೊತೆ ಇಡುವಂತಿಲ್ಲ.
• ದೂರ ಪ್ರಯಾಣದಲ್ಲಿ ಬೇಸಿಗೆಯಾದರೆ 4 ಗಂಟೆಗೊಮ್ಮೆ, ಚಳಿಗಾಲವಾದರೆ 6 ಗಂಟೆಗೊಮ್ಮೆ ನೀರು ಕೊಡಬೇಕು.
• ದೊಡ್ಡ ನಾಯಿಗೆ 12 ಗಂಟೆಗೊಮ್ಮೆ, ಮರಿಗೆ 4 ಗಂಟೆಗೊಮ್ಮೆ ಆಹಾರ ಕೊಡಬೇಕು.

ಈಗ ಡಿಕ್ಕಿಯ ಮರಿಯ ಕಡೆ ಮತ್ತೆ ನೋಡಿ. ರಾತ್ರಿ ಹತ್ತು ಗಂಟೆಗೂ ಮಿಕ್ಕಿದ ದಾರಿ. ನಾಲ್ಕು ಗಂಟೆಗೊಮ್ಮೆ ಡಿಕ್ಕಿ ತೆಗೆದು ಅದಕ್ಕೆ ಊಟ ಕೊಡುವವರು ಯಾರು? ಜೊತೆಗೆ ಒಬ್ಬರು ಇಲ್ಲದೆ ಕಳಿಸಿದ ಮರಿಯ ವಿಷಯದಲ್ಲಿ ಈ ನಿಯಮ ಪಾಲಿಸಲು ಸಾಧ್ಯವೇ ಇಲ್ಲ. ಎಳೆ ಮರಿಗೆ ಹೊತ್ತಿಗೆ ಸರಿಯಾಗಿ ಆಹಾರ ಸಿಗದಿದ್ದರೆ ರಕ್ತದಲ್ಲಿ ಸಕ್ಕರೆ ಅಂಶ ಕುಸಿದು ನಡುಕ, ಫಿಟ್ಸ್ ಬರಬಹುದು.

ವಯಸ್ಸಿನ ಮಾತೂ ಇದೆ. ನಾಯಿ ಸಾಕಣೆ ಮತ್ತು ಮಾರಾಟ ನಿಯಮಗಳು 2017ರ ಪ್ರಕಾರ 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಮರಿ ನೋಡಲು ಮುದ್ದಾಗಿರಲಿ ಎಂದು ಐದಾರು ವಾರಕ್ಕೇ ತಾಯಿಯಿಂದ ಬಿಡಿಸಿ ಕಳಿಸಿದರೆ ಅದಕ್ಕೆ ಲಸಿಕೆಯ ರಕ್ಷಣೆಯೂ ಬಂದಿರುವುದಿಲ್ಲ, ದಾರಿಯಲ್ಲಿ ಪಾರ್ವೊ ರೋಗ ತಗಲುವ ಸಂಭವ ಹೆಚ್ಚು.

ಕಾನೂನು ಇದ್ದೂ ಏಕೆ ಹೀಗೆ ನಡೆಯುತ್ತದೆ? ಒಂದು ಕಾರಣ ದಂಡದ ಮೊತ್ತ. 1960ರ ಕಾಯ್ದೆಯಲ್ಲಿ ಮೊದಲ ಸಲದ ಅಪರಾಧಕ್ಕೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಅಂದು ಅದು ಸಣ್ಣ ಮೊತ್ತವಾಗಿರಲಿಲ್ಲ, ಇಂದು ಒಂದು ತಿಂಡಿಯ ಬೆಲೆ. ಹಾಗಾಗಿ ಈ ವಿಷಯದಲ್ಲಿ ನಿಜವಾದ ಹಿಡಿತ ಇರುವುದು ಕೊಳ್ಳುವವರ ಕೈಯಲ್ಲಿ. ಡಿಕ್ಕಿಯಲ್ಲಿ ಬಂದ ಮರಿ ಬೇಡ ಎಂದು ನೀವು ಹೇಳಿದರೆ ಮಾರುವವರು ಬೇರೆ ದಾರಿ ಹುಡುಕಲೇಬೇಕು.

ರೈಲಿನಲ್ಲಿ ಒಯ್ಯಬಹುದೇ? ಒಯ್ಯಬಹುದು. ಎಸಿ ಮೊದಲ ದರ್ಜೆಯ ಇಡೀ ಕೂಪೆ ಅಥವಾ ಕ್ಯಾಬಿನ್ ನಿಮ್ಮ ಹೆಸರಿಗೇ ಬುಕ್ ಆಗಿದ್ದರೆ ನಾಯಿ ನಿಮ್ಮ ಜೊತೆಗೇ ಇರಬಹುದು. ಇಲ್ಲದಿದ್ದರೆ ಗಾರ್ಡ್ ಇರುವ ಬ್ರೇಕ್ ವ್ಯಾನಿನ ನಾಯಿ ಪೆಟ್ಟಿಗೆಯಲ್ಲಿ ಬುಕ್ ಮಾಡಬೇಕು. ಮುಧೋಳದಂಥ ಎತ್ತರದ ನಾಯಿಗೆ ಆ ಪೆಟ್ಟಿಗೆ ಸಾಲುತ್ತದೆಯೇ ಎಂದು ಮೊದಲೇ ಹೋಗಿ ನೋಡುವುದು ಒಳ್ಳೆಯದು. ಒಂದು ಮರಿಗಾದರೆ ಎಲ್ಲಕ್ಕಿಂತ ಒಳ್ಳೆಯ ದಾರಿ ನೀವೇ ಕಾರಿನಲ್ಲಿ ಹೋಗಿ, ತಾಯಿ ನಾಯಿಯನ್ನೂ ಸಾಕಿರುವ ಜಾಗವನ್ನೂ ಕಣ್ಣಾರೆ ನೋಡಿ, ಮರಿಯನ್ನು ಜೊತೆಗೆ ಕರೆತರುವುದು.

ದೇಶದ ಗಡಿ ದಾಟುವಾಗ

ಹೊರದೇಶದಿಂದ ಭಾರತಕ್ಕೆ ನಾಯಿ ತರಿಸಿ ಮರಿ ಮಾಡಿಸಿ ಮಾರುವ ವ್ಯಾಪಾರಕ್ಕೆ 2016ರ ಏಪ್ರಿಲ್‌ನಲ್ಲಿ ಕೇಂದ್ರದ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ ಕಡಿವಾಣ ಹಾಕಿತು. ಆ ಅಧಿಸೂಚನೆಯ ಪ್ರಕಾರ ಮಾಲೀಕರ ಹೆಸರಿನಲ್ಲಿ ದಾಖಲೆ ಇರುವ ಸಾಕುನಾಯಿ, ಸಂಶೋಧನೆಗೆ ಬೇಕಾದ ನಾಯಿ, ಸೇನೆ ಮತ್ತು ಪೊಲೀಸರಿಗೆ ಬೇಕಾದ ನಾಯಿ, ಇಷ್ಟಕ್ಕೆ ಮಾತ್ರ ಅವಕಾಶ. ಬಂದ ನಾಯಿಯನ್ನು ಪರೀಕ್ಷಿಸುವುದು ಪ್ರಾಣಿ ಕ್ವಾರಂಟೈನ್ ಮತ್ತು ಪ್ರಮಾಣೀಕರಣ ಸೇವೆ. ಬೆಂಗಳೂರಿನಲ್ಲೂ ಅದರ ಕೇಂದ್ರವಿದೆ.

ಇಲ್ಲಿಂದ ಹೊರಗೆ ಒಯ್ಯುವುದು ಇನ್ನೂ ದೀರ್ಘ ಕೆಲಸ. ಕಾರಣ ರೇಬೀಸ್. ಕಚ್ಚಿಸಿಕೊಂಡ ನಾಯಿಯಲ್ಲಿ ರೋಗ ಕಾಣಿಸಿಕೊಳ್ಳಲು ವಾರಗಳಿಂದ ತಿಂಗಳುಗಳೇ ಹಿಡಿಯಬಹುದು. ಅಂದರೆ ಇಂದು ಆರೋಗ್ಯವಾಗಿ ಕಾಣುವ ನಾಯಿಯ ಮೈಯಲ್ಲಿ ವೈರಸ್ ಇರಬಹುದು. ಆದ್ದರಿಂದ ಭಾರತದಿಂದ ಯೂರೋಪ್ ಒಕ್ಕೂಟದ ದೇಶಗಳಿಗೆ ಹೋಗುವ ನಾಯಿಗೆ ಈ ಕ್ರಮ ಪಾಲಿಸಬೇಕು:

• ಮೊದಲು ಚರ್ಮದ ಕೆಳಗೆ 15 ಅಂಕಿಯ ಮೈಕ್ರೋಚಿಪ್. ಚಿಪ್ ಹಾಕಿಸುವ ಮೊದಲು ಕೊಟ್ಟ ರೇಬೀಸ್ ಲಸಿಕೆ ಲೆಕ್ಕಕ್ಕಿಲ್ಲ.
• ಆಮೇಲೆ ರೇಬೀಸ್ ಲಸಿಕೆ. ನಾಯಿಗೆ ಕನಿಷ್ಠ 12 ವಾರ ವಯಸ್ಸಾಗಿರಬೇಕು.
• ಲಸಿಕೆಯಾಗಿ ಕನಿಷ್ಠ 30 ದಿನದ ನಂತರ ರಕ್ತದ ಮಾದರಿ. ರೋಗನಿರೋಧಕ ಅಂಶ ಪ್ರತಿ ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಯೂನಿಟ್ ಅಥವಾ ಹೆಚ್ಚು ಇರಬೇಕು. ಪರೀಕ್ಷೆ ಆ ದೇಶ ಒಪ್ಪಿದ ಪ್ರಯೋಗಾಲಯದಲ್ಲೇ ಆಗಬೇಕು.
• ರಕ್ತ ತೆಗೆದ ದಿನದಿಂದ 3 ತಿಂಗಳು ಕಾಯಬೇಕು.

ಲೆಕ್ಕ ಹಾಕಿ: ಎಲ್ಲವೂ ಸರಿಯಾಗಿ ನಡೆದರೂ ನಾಲ್ಕು ತಿಂಗಳಿಗಿಂತ ಮೊದಲು ಹೊರಡಲಾಗದು. ಮುಂದಿನ ತಿಂಗಳಿಗೆ ಟಿಕೆಟ್ ಮಾಡಿಸುವ ಎರಡನೇ ಮನೆಯ ಮಗಳಿಗೆ ಇದು ಗೊತ್ತಿರಲೇಬೇಕು. ಅವಳು ಮೊದಲು ಹೋಗಿ, ನಾಯಿ ಮನೆಯವರ ಜೊತೆ ಇದ್ದು ಆಮೇಲೆ ಹೊರಡುವುದೇ ಸರಿಯಾದ ದಾರಿ. ಆದರೆ ಮಾಲೀಕರು ಹೋದ ದಿನಕ್ಕೂ ನಾಯಿ ಹೋಗುವ ದಿನಕ್ಕೂ ಅಂತರ ಹೆಚ್ಚಾದರೆ ಬೇರೆ ನಿಯಮಗಳು ಅನ್ವಯಿಸುತ್ತವೆ, ಅದನ್ನೂ ಕೇಳಿಕೊಳ್ಳಬೇಕು.

ಬ್ರಿಟನ್ನಿಗೂ ಹೆಚ್ಚು ಕಡಿಮೆ ಇದೇ ಕ್ರಮ, ಜೊತೆಗೆ ಅಲ್ಲಿಗೆ ತಲುಪುವ 24ರಿಂದ 120 ಗಂಟೆಗಳ ಮೊದಲು ಲಾಡಿಹುಳಕ್ಕೆ ಔಷಧ ಕೊಡಿಸಿರಬೇಕು. ಅಮೆರಿಕ ಭಾರತವನ್ನು ರೇಬೀಸ್ ಅಪಾಯ ಹೆಚ್ಚಿರುವ ದೇಶಗಳ ಪಟ್ಟಿಯಲ್ಲಿಟ್ಟಿದೆ. 2024ರ ಆಗಸ್ಟ್‌ನಿಂದ 6 ತಿಂಗಳಿಗಿಂತ ಚಿಕ್ಕ ನಾಯಿಗೆ ಅಲ್ಲಿ ಪ್ರವೇಶವಿಲ್ಲ. ಆಸ್ಟ್ರೇಲಿಯಾಗೆ ಇಲ್ಲಿಂದ ನೇರವಾಗಿ ನಾಯಿ ಒಯ್ಯುವಂತಿಲ್ಲ. ನಿಯಮಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಆಯಾ ದೇಶದ ಸರ್ಕಾರಿ ಪುಟವನ್ನೇ ನೋಡಿ.

ಬೋನಿನ ಅಳತೆ ಹೇಗೆ?

ವಿಮಾನ ಸಾರಿಗೆಯ ನಿಯಮ ಸರಳ. ನಾಯಿ ನೆಟ್ಟಗೆ ನಿಲ್ಲಬೇಕು, ತಿರುಗಬೇಕು, ಕಾಲು ಚಾಚಿ ಮಲಗಬೇಕು. ಮೂಗಿನಿಂದ ಬಾಲದ ಬುಡದವರೆಗಿನ ಉದ್ದಕ್ಕೆ, ನೆಲದಿಂದ ಮೊಣಕೈವರೆಗಿನ ಎತ್ತರದ ಅರ್ಧ ಸೇರಿಸಿದರೆ ಬೋನಿನ ಉದ್ದ. ಭುಜದ ಅಗಲದ ಎರಡರಷ್ಟು ಬೋನಿನ ಅಗಲ. ನಿಂತಾಗ ತಲೆಯ ಅಥವಾ ಕಿವಿಯ ತುದಿಯವರೆಗಿನ ಎತ್ತರಕ್ಕೆ ಹಾಸಿಗೆಯ ದಪ್ಪ ಸೇರಿಸಿದರೆ ಬೋನಿನ ಎತ್ತರ. ಉದಾಹರಣೆಗೆ ಉದ್ದ 95 ಸೆಂ.ಮೀ., ಮೊಣಕೈ ಎತ್ತರ 40, ಭುಜದ ಅಗಲ 20, ನಿಂತ ಎತ್ತರ 90 ಇದ್ದರೆ ಬೋನು ಕನಿಷ್ಠ 115 ಉದ್ದ, 40 ಅಗಲ ಇರಬೇಕು, ಎತ್ತರ 90ಕ್ಕಿಂತ ಹೆಚ್ಚಿರಬೇಕು. ಅಂಗಡಿಯಲ್ಲಿ "ದೊಡ್ಡ ನಾಯಿಯ ಬೋನು" ಎಂದು ಕೊಡುವುದು ಎತ್ತರದ ಮುಧೋಳಕ್ಕೆ ಸಾಲದೇ ಹೋಗಬಹುದು. ಟೇಪು ಹಿಡಿದು ಅಳೆದೇ ಕೊಳ್ಳಿ.

ಓಟದ ಉದ್ಯಮ ಕಲಿಸಿದ ಪಾಠ

ಗ್ರೇಹೌಂಡ್ ಸಾಗಣೆ ಜಗತ್ತಿನಲ್ಲಿ ಚರ್ಚೆಯಾದದ್ದು ಹೆಚ್ಚಾಗಿ ಓಟದ ಪಂದ್ಯಗಳಿಂದ. ಮಕಾವುವಿನ ಕ್ಯಾನಿಡ್ರೋಮ್ ಎಂಬ ಓಟದ ಮೈದಾನಕ್ಕೆ ಆಸ್ಟ್ರೇಲಿಯಾದಿಂದ ನಾಯಿಗಳು ವಿಮಾನದಲ್ಲಿ ಹೋಗುತ್ತಿದ್ದವು. ಓಡುವ ವಯಸ್ಸು ಮುಗಿದ ನಾಯಿಗಳಿಗೆ ಅಲ್ಲಿ ಮನೆ ಹುಡುಕುವ ವ್ಯವಸ್ಥೆ ಇಲ್ಲ ಎಂಬುದು ಪ್ರಾಣಿ ಪ್ರಿಯರ ಮುಖ್ಯ ಆಕ್ಷೇಪವಾಗಿತ್ತು. ಒತ್ತಡ ಹೆಚ್ಚಿದಾಗ ಕೆಲವು ವಿಮಾನ ಸಂಸ್ಥೆಗಳು ಓಟದ ಗ್ರೇಹೌಂಡ್‌ಗಳನ್ನು ಒಯ್ಯಲು ನಿರಾಕರಿಸಿದವು. 2018ರ ಜುಲೈನಲ್ಲಿ ಮೈದಾನ ಮುಚ್ಚಿದಾಗ ಅಲ್ಲಿ 500ಕ್ಕೂ ಹೆಚ್ಚು ನಾಯಿಗಳು ಉಳಿದಿದ್ದವು. ಅವುಗಳಿಗೆ ಹೊರದೇಶಗಳಲ್ಲಿ ಮನೆ ಹುಡುಕಿ ಮತ್ತೆ ವಿಮಾನ ಹತ್ತಿಸಬೇಕಾಯಿತು.

ಇದರಿಂದ ತಿಳಿಯುವುದು ಎರಡು. ಸಾಗಣೆ ನಿಂತರೆ ಕೆಟ್ಟ ವ್ಯಾಪಾರವೂ ನಿಲ್ಲಬಹುದು. ಹಾಗೆಯೇ ಒಳ್ಳೆಯ ಮನೆಗೆ ಸೇರಲೂ ನಾಯಿ ಪ್ರಯಾಣ ಮಾಡಲೇಬೇಕಾಗಬಹುದು. ಹಾಗಾಗಿ ಕೇಳಬೇಕಾದ್ದು "ಪ್ರಯಾಣ ಬೇಕೇ ಬೇಡವೇ" ಎಂದಷ್ಟೇ ಅಲ್ಲ. ಯಾರ ಒಳಿತಿಗೆ ಈ ಪ್ರಯಾಣ, ತಲುಪಿದ ಮೇಲೆ ಅದಕ್ಕೆ ಏನು ಕಾದಿದೆ ಎಂದೂ ಕೇಳಬೇಕು. ಮೊಲದ ಬೇಟೆಗೆಂದು ಮುಧೋಳ ನಾಯಿ ಕೇಳುವವರು ಇಂದೂ ಇದ್ದಾರೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಅಡಿ ಕಾಡುಮೊಲದ ಬೇಟೆ ಅಪರಾಧ.

ಹೊರಡುವ ಮುಂಚೆ ಇಷ್ಟು ಮಾಡಿ

• ಎರಡು ಮೂರು ವಾರ ಮೊದಲೇ ಬೋನನ್ನು ಮನೆಯಲ್ಲಿ ತೆರೆದಿಡಿ. ಅದರೊಳಗೇ ಊಟ ಹಾಕಿ. ಅದು ನಾಯಿಗೆ ತನ್ನ ಜಾಗ ಎನಿಸಬೇಕು.
• ಒಳಗೆ ದಪ್ಪ ಹಾಸಿಗೆ, ಮನೆಯವರ ವಾಸನೆ ಇರುವ ಹಳೆಯ ಬಟ್ಟೆ ಇರಲಿ. ಚಳಿಗಾಲದಲ್ಲಿ ಮೈಗೆ ಒಂದು ಅಂಗಿ ಹಾಕಿ.
• ಬೋನಿನೊಳಗೆ ಕತ್ತಿನ ಸರಪಳಿ ಬೇಡ, ಸಿಕ್ಕಿಹಾಕಿಕೊಳ್ಳಬಹುದು.
• ಹೊರಡುವ ಮುಂಚೆ ಚೆನ್ನಾಗಿ ನಡೆಸಿ, ಮೂತ್ರ ಮಲ ಮಾಡಿಸಿ.
• ಕಾರಿನಲ್ಲಾದರೆ ಎರಡು ಮೂರು ಗಂಟೆಗೊಮ್ಮೆ ನಿಲ್ಲಿಸಿ. ಬಾಗಿಲು ತೆಗೆಯುವ ಮೊದಲು ಹಗ್ಗ ಹಿಡಿದುಕೊಳ್ಳಿ. ಹೆದರಿದ ಮುಧೋಳ ಹೆದ್ದಾರಿಯಲ್ಲಿ ಓಡಿದರೆ ಹಿಡಿಯುವುದು ನಿಮ್ಮಿಂದ ಆಗದ ಮಾತು.
• ಬೋನಿನ ಮೇಲೆ ನಿಮ್ಮ ಫೋನ್ ನಂಬರು, ನಾಯಿಯ ಹೆಸರು ಬರೆಯಿರಿ.

ದಾರಿಯಲ್ಲಿ ತೀವ್ರ ಏದುಸಿರು, ದಪ್ಪನೆಯ ಜೊಲ್ಲು, ಕಡುಕೆಂಪು ಒಸಡು, ತೂರಾಡುವಿಕೆ ಕಂಡರೆ ಅದು ಶಾಖಾಘಾತ. ತಕ್ಷಣ ನೆರಳಿಗೆ ತನ್ನಿ, ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸಿ. ಪ್ರಜ್ಞೆ ಇಲ್ಲದ ನಾಯಿಯ ಬಾಯಿಗೆ ನೀರು ಹಾಕಬೇಡಿ. ಮೈ ತಣಿಸಲು ಶುರುಮಾಡಿ, ಆಮೇಲೆ ಹತ್ತಿರದ ಪಶುವೈದ್ಯರ ಬಳಿ ಹೋಗಿ. ಚೇತರಿಸಿಕೊಂಡಂತೆ ಕಂಡರೂ ತೋರಿಸಲೇಬೇಕು, ಒಳಗಿನ ಅಂಗಗಳ ಹಾನಿ ಒಂದೆರಡು ದಿನ ತಡವಾಗಿ ಗೊತ್ತಾಗಬಹುದು.

ಕೊನೆಯ ಮಾತು

ಗೋವಿಂದರಾಜನಗರದ ಮೊದಲ ಮನೆಯವರು ಒಂದು ಭಾನುವಾರ ಬಿಡುವು ಮಾಡಿಕೊಂಡು ತಾವೇ ಹೋಗಿ ಬಂದರೆ ಸಾಕು. ಎರಡನೇ ಮನೆಯವರು ಟಿಕೆಟ್‌ಗಿಂತ ಮೊದಲು ಮೈಕ್ರೋಚಿಪ್ ಹಾಕಿಸಿದರೆ ಸಾಕು. ಇಬ್ಬರೂ ಮಾಡಬೇಕಾದ್ದು ಇಷ್ಟೇ. ಪ್ರಯಾಣದ ಹೊತ್ತಿನಲ್ಲಿ ನಾಯಿಗೆ ಬಾಯಾರಿಕೆಯಾಗಿದೆ, ಉಸಿರು ಕಟ್ಟುತ್ತಿದೆ ಎಂದು ಅದು ಹೇಳಲಾರದು. ಅದರ ಪರವಾಗಿ ಮೊದಲೇ ಯೋಚಿಸಬೇಕಾದವರು ನಾವು.